ಹೊಸ ಪ್ರೊಸೆಸರ್ ಬರೋತನಕ

ಹಡಪಸರದ ಬಸ್ ಸ್ಟಾಪಿನಲ್ಲಿ ಮಾಧುರಿಯ ಪಕ್ಕ ನಿಂತಿದ್ದ ಗಂಡ ಹೆಂಡತಿ, ಸುತ್ತಲಿದ್ದವರೆಲ್ಲ ಮರಾಠಿಯವರೇ ಎಂಬ ಧೈರ್ಯದಿಂದ ಕನ್ನಡದಲ್ಲಿ ಜೋರಾಗಿ ಮಾತಾಡುತ್ತಿದ್ದರು. ಕಲಬುರ್ಗಿಯವಳಾದ ಅವಳಿಗೆ ಎಲ್ಲವೂ ತಿಳಿಯುತ್ತಿತ್ತು.

"ಲ್ಯಾಪ್‌ಟಾಪ್ ಇವತ್ತ ತಗೊಳ್ಳೋಣ್ರಿ. ಮಗಳಿಗೆ ಕೇಳಿ ಕೇಳಿ ಸಾಕಾಗ್ಯದ."

"ದೀಪಾವಳಿಗೆ ಹೊಸ ಪ್ರೊಸೆಸರ್ ಬರ್ತದ. ತಡಿ."

"ಹೋದ ದೀಪಾವಳಿಗೂ ಹಿಂಗ ಅಂದ್ರಿ. ಖರೇ ಹೇಳ್ರಿ, ಏನದ?"

ಗಂಡ ತಲೆ ತಗ್ಗಿಸಿದ.

"ಮನಿಗೆ ತಂದ್ರ ಆಕಿ ನನಗ ಕಲಿಸು ಅಂತಾಳ. ಆಫೀಸಿನಾಗ ಕಂಪ್ಯೂಟರ್ ನಾನೇ ನಡಸ್ತೀನಿ ಅಂತ ಹೇಳೀನಿ. ನನಗ ಅದು ಚಾಲೂ ಮಾಡಾಕೂ ಬರಂಗಿಲ್ಲ."

"ಮೆಲ್ಲಗ ಅನ್ರಿ."

"ಇಲ್ಲಿ ಯಾರಿಗೆ ತಿಳಿತದ?"

ಅಷ್ಟರಲ್ಲಿ ಮಾಧುರಿಯ ಮೊಬೈಲ್ ರಿಂಗಾಯಿತು. ಕಲಬುರ್ಗಿಯಿಂದ ಅವ್ವ. ಕೇಳಬಾರದ್ದನ್ನು ಕೇಳಿಸಿಕೊಂಡ ನಾಚಿಕೆಯಲ್ಲಿ ಅವಳು ಮರಾಠಿಯಲ್ಲೇ ಮಾತಾಡಿದಳು. ಬಸ್ ಬಂದು ಅವರಿಬ್ಬರೂ ಹತ್ತುವ ತನಕ ಮರಾಠಿ ಬಿಡಲಿಲ್ಲ.

ಅತ್ತ ಅವ್ವ, "ಯಾರವ್ವಾ ನೀ? ನಮ್ಮ ಮಾಧುರಿಗೆ ಕೊಡು," ಎನ್ನುತ್ತಲೇ ಇದ್ದಳು.