ರಾಣಿಯ ಎರಡನೇ ಭಾಗ

...ಅಲ್ಲ ಭಾವ, ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ. ಎರಡನೇ ಭಾಗ ಯಾವುದೂ ಚೆನ್ನಾಗಿರಲ್ಲ. ಕೂತ್ಕೊಳ್ಳಿ, ಕಾಫಿ ಕುಡೀರಿ. 'ಜಯದೇವಿ, ಭಾವನ ಹತ್ರ ಮಾತಾಡ್ತಿರಮ್ಮ' ಅಂತ ಹೇಳಿ ಅಪ್ಪ ಅಮ್ಮ ಇಬ್ಬರೂ ಒಳಗೆ ಹೋದ್ರಲ್ಲ, ಮಾತಾಡ್ತಾ ಇದೀನಿ. ಪುಸ್ತಕ ಬಿಟ್ಟು ನಂಗೆ ಬೇರೆ ಮಾತು ಬರಲ್ಲ.

ಮೆಲ್ಲಗೆ... ಮಗು ಈಗ ತಾನೇ ಮಲಗಿದೆ. ಇಲ್ಲ, ನನ್ನ ತೊಡೆ ಮೇಲೇ ಇರಲಿ. ಅಕ್ಕ ಬಾಣಂತನದಲ್ಲಿ ಹೋದಾಗಿಂದ ಇದಕ್ಕೆ ಇದೇ ಅಭ್ಯಾಸ.

ಮೊದಲನೇ ಭಾಗ ಅಕ್ಕ ಹೆರಿಗೆಗೆ ಬಂದಾಗ ಓದಿದ್ದು. ಅಲ್ಲೇ, ನೀವು ಕೂತಿದೀರಲ್ಲ, ಆ ಕುರ್ಚೀಲಿ. ನೀವು ತಮಾಷೆ ಮಾಡ್ತಿದ್ರಿ... ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದೇ ಬಂತು, ಎಲ್ಲಾರೂ ಗ್ರಹದ ಕಥೆ ಬರೆಯೋಕೆ ಹೊರಟ್ರು ಅಂತ. ನಗು ಬಂತಾ? ನಗಿ, ಪರವಾಗಿಲ್ಲ. ಆ ಗ್ರಹಕ್ಕೆ ಒಬ್ಬಳು ರಾಣಿ, ಕೊನೇಲಿ ಊರು ಉಳಿಸೋಕೆ ಹೋಗಿ ಸಾಯ್ತಾಳೆ. ಅಕ್ಕ ಅತ್ತಿದ್ದೇ ಅತ್ತಿದ್ದು. ಮುಂದಿನ ಭಾಗ ಬಂದ್ರೆ ಮೊದಲು ನಂಗೇ ಕೊಡಬೇಕು ಅಂತ ಲೈಬ್ರರಿ ನಂಜುಂಡಪ್ಪನೋರಿಗೆ ಹೇಳಿಟ್ಟಿದ್ಲು. ಪಾಪ, ನೆನಪಿಟ್ಕೊಂಡಿದಾರೆ. ಹೋದ ವಾರ ನಾನು ಆ ಕಡೆ ಹೋದ್ರೆ, ಮೇಜಿನ ಕೆಳಗಿಂದ ತೆಗೆದು 'ನಿಮ್ಮಕ್ಕಂಗೆ ಕೊಡಮ್ಮ' ಅಂದ್ರು. ಅವರಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. ತಂದು ನಾನೇ ಓದಿದೆ.

ರಾಣಿ ಎದ್ದು ಬರ್ತಾಳೇನೋ ಅಂದ್ಕೊಂಡಿದ್ದೆ. ನಮ್ಮಲ್ಲಾದ್ರೆ ಕೂರಿಸೇ ಮಣ್ಣು ಮಾಡ್ತೀವಿ, ಏಳೋದಾದ್ರೂ ಸುಲಭ... ತಪ್ಪಾಯ್ತು ಭಾವ. ಆ ಮಾತು ಆಡಬಾರ್ದಿತ್ತು.

ಅವಳು ಏಳಲ್ಲ. ಅವಳಿಗೆ ದೀಪ ಹಿಡೀತಿದ್ದ ಒಬ್ಬ ಹುಡುಗಿ ಇರ್ತಾಳೆ, ಅವಳ ತಲೆಗೆ ರಾಣಿ ಕಿರೀಟ ಇಟ್ಟು ಕೂರಿಸ್ತಾರೆ. ಜನ ಸತ್ತೋಳ ಹೆಸರು ಹಿಡಿದು ಕೂಗ್ತಾರೆ. ಇವಳು ಓಗೊಡ್ತಾಳೆ. ಪುಸ್ತಕ ಪೂರ್ತಿ ಓಗೊಡ್ತಾಳೆ, ಅಷ್ಟೇ ಕಥೆ. ಬರೆದೋನಿಗೆ ಜ್ಞಾಪಕಾನೂ ಇಲ್ಲ... ಮೊದಲನೇದ್ರಲ್ಲಿ ಆ ಗ್ರಹಕ್ಕೆ ಎರಡು ಚಂದ್ರ ಇದ್ವು, ಇದ್ರಲ್ಲಿ ಒಂದೇ. ಹೋಗ್ಲಿ, ಅದನ್ನ ಕ್ಷಮಿಸಬಹುದು. ಆದ್ರೆ ಓದೋರು ಪ್ರತಿ ಪುಟದಲ್ಲೂ ಹಳಬಳನ್ನೇ ಹುಡುಕ್ತಾರೆ ಭಾವ. ಇವಳು ನಕ್ಕರೆ, ಅವಳು ಹೀಗೆ ನಗ್ತಿರಲಿಲ್ಲ ಅಂತಾರೆ. ಇವಳದ್ದು ಏನು ತಪ್ಪು?

ಮುಂದುವರಿಸಲೇಬಾರ್ದು ಅಂತಲ್ಲ. ಆ ದೀಪದ ಹುಡುಗಿ ಬೇರೆ ಊರಿಗೆ ಹೋಗ್ಲಿ, ತನ್ನ ಪಾಡಿಗೆ ತಾನು ಏನಾದ್ರೂ ಮಾಡ್ಲಿ, ಟೈಪಿಂಗ್ ಆದ್ರೂ ಕಲೀಲಿ, ನಾನು ಕಾದು ಓದ್ತೀನಿ. ಆ ಗ್ರಹದಲ್ಲಿ ಟೈಪಿಂಗ್ ಎಲ್ಲಿ ಅಂತೀರಾ? ನಾನು ಸೀನಿಯರ್ ಪಾಸಾದೆ. ಯಾರೂ ಹೇಳಲಿಲ್ವಾ ನಿಮಗೆ?

ಯಾಕೆ ಹಾಗೆ ನೋಡ್ತೀರಿ? ಸೀರೆನಾ? ಹೌದು, ಅಕ್ಕಂದೇ. ಅಮ್ಮ ಉಟ್ಕೋ ಅಂದ್ಲು, ಉಟ್ಕೊಂಡೆ. ನಂಗೆ ಈಗೀಗ ಯಾವುದೂ ಏನೂ ಅನ್ನಿಸಲ್ಲ. ಬೆಳಿಗ್ಗೆ ಅಮ್ಮ 'ಕೊಟ್ಟ ಮನೆಗೇ ಕೊಟ್ರೆ ಮಗು ಮಲತಾಯಿ ಕೈಗೆ ಬೀಳಲ್ಲ' ಅಂದಾಗ ಅನ್ನ ಬಸೀತಿದ್ದೆ. ಬಸಿದು ಮುಗಿಸಿದೆ. ಈ ಮಗು ನನ್ನನ್ನೇ ಅಮ್ಮ ಅನ್ನುತ್ತೆ. ಅನ್ಲಿ, ಮಗುನ ನಾನೇ ಸಾಕ್ತೀನಿ, ಬೇಡ ಅಂದೋರು ಯಾರು? ಆದ್ರೆ ನಿಮ್ಮ ವಿಜಯನಗರದ ಮನೇಲಿ, ನೀವು ಒಳಗಿಂದ 'ನೀಲಾ' ಅಂತ ಅಕ್ಕನ ಹೆಸರು ಹಿಡಿದೇ ಕರೀತೀರಿ. ಕರೆಯಲ್ಲ ಅನ್ನಬೇಡಿ. ಹೋದ ಸಲ ಬಂದಾಗ ಬಾಯ್ತಪ್ಪಿ ಕರೆದ್ರಿ. ನಾನೂ ಓಗೊಟ್ಟೆ.

ಅದಕ್ಕೇ ಕೇಳ್ತಿದೀನಿ. ನಾನು ಬೇಡ ಅಂದ್ರೆ ಹಟ ಅಂತಾರೆ. ನೀವು ಬೇಡ ಅಂದ್ರೆ ಮುಗೀತು, ಅಪ್ಪ ತುಟಿ ಎರಡು ಮಾಡಲ್ಲ. ಬಲವಂತ ಮಾಡ್ತಿರೋದು ನಮ್ಮ ಮನೆಯೋರು, ನಿಮಗೂ ಮನಸ್ಸಿಲ್ಲ, ನಂಗೊತ್ತು. ಒಂದು ಮಾತು ಹೇಳ್ಬಿಡಿ ಭಾವ.

ಸುಮ್ಮನಿರಬೇಡಿ. ನೀವು ಸುಮ್ಮನಿದ್ರೆ ಮೌನಂ ಸಮ್ಮತಿ ಲಕ್ಷಣಂ ಅಂತ ಅಪ್ಪ ನಾಳೆನೇ ಮಠಕ್ಕೆ ಹೋಗಿ ದಿನ ಕೇಳ್ಕೊಂಡು ಬರ್ತಾರೆ.

ಮತ್ತೆ ಸೀರೆ ನೋಡ್ತಿದೀರಿ.

ತಡೀರಿ... ಅಕ್ಕನ ಸೀರೆ ಎಲ್ಲಾ ನಿಮ್ಮ ಮನೆ ಬೀರುವಲ್ಲೇ ಇದ್ವಲ್ಲ. ಬೀಗದ ಕೈ ನಿಮ್ಮ ಹತ್ರಾನೇ ಇರೋದು. ಇದು ಅಮ್ಮನ ಕೈಗೆ ಹ್ಯಾಗೆ ಬಂತು?

ಭಾವ... ನೀವೇ ತಂದು ಕೊಟ್ರಾ?

...ಹೂಂ, ನೀವೇ.

ಲೋಟ ಕೊಡಿ. ಕಾಫಿ ಆರಿಹೋಯ್ತು, ಬಿಸಿ ಮಾಡ್ಕೊಂಡು ಬರ್ತೀನಿ. ಮಗು ಹಿಡ್ಕೊಳ್ಳಿ, ತಲೆ ಕೆಳಗೆ ಕೈ ಕೊಡಿ... ಹಾಂ, ಹಾಗೆ. ಸಕ್ಕರೆ... ಅಕ್ಕ ಎಷ್ಟು ಹಾಕ್ತಿದ್ಲು ನಿಮಗೆ?