ತೀರ್ ಬಯಲಿನಲ್ಲಿ ಲಂಬೊಕ್ ಕತ್ತಿ ಬೀಸಿದ ಬಗ್ಗೆ

ಹೆಸರು: ಥೈಲಿನ್ ಖರ್‌ಶಿಯಿಂಗ್. ವಯಸ್ಸು 52. ಕಸುಬು: ಚಹಾ ಅಂಗಡಿ ಮತ್ತು ಪರವಾನಗಿ ಪಡೆದ ತೀರ್ ಕೌಂಟರ್. ವಾಸ: ಮಾವ್‌ಪ್ರೇಮ್, ಶಿಲ್ಲಾಂಗ್. ನಾನು ಈ ದಿನ ಸಂಜೆ ಠಾಣೆಗೆ ಸ್ವಂತ ಇಚ್ಛೆಯಿಂದ ಬಂದು ತಿಳಿಸುವುದೇನೆಂದರೆ,

ನನ್ನ ಅಂಗಡಿಗೆ ಇಪ್ಪತ್ತು ವರ್ಷಗಳ ಮೇಲಾಗಿದೆ. ಮುಂದುಗಡೆ ಚಹಾ, ಜಾದೊ ಅನ್ನ. ಹಿಂದುಗಡೆ ಪರದೆ ಕಟ್ಟಿ ತೀರ್ ಎಂಬ ಬಿಲ್ಲುಗಾರರ ಆಟಕ್ಕೆ ಜನರಿಂದ ಬಾಜಿ ಹಿಡಿಯುತ್ತಿದ್ದೆನು. ಗುರಿಗೆ ನಾಟಿದ ಬಾಣಗಳ ಎಣಿಕೆಯ ಕೊನೆಯ ಎರಡು ಅಂಕಿಯ ಮೇಲೆ ಯಾರು ಮೊದಲೇ ಹಣ ಕಟ್ಟಿರುತ್ತಾರೋ ಅವರು ಗೆದ್ದಂತೆ. ಆಗ ಅದು ಅಪರಾಧವಾಗಿತ್ತು. ಇದೇ ಠಾಣೆಯವರು ಎರಡು ಸಲ ನನ್ನನ್ನು ಹಿಡಿದು ತಂದಿದ್ದರು. ಆ ಬಗ್ಗೆ ನನಗೆ ದೂರಿಲ್ಲ. ಕಳೆದ ವರ್ಷ ಸರ್ಕಾರ ಕಾನೂನು ತಂದು ಆಟಕ್ಕೆ ತೆರಿಗೆ ಹಾಕಿತು. ನಾನು ಮೊದಲ ವಾರವೇ ಪರವಾನಗಿ ಪಡೆದು, ಬೀದಿಗೆ ಕಾಣುವಂತೆ ಬೋರ್ಡು ಹಾಕಿ, ಪರದೆಯನ್ನು ಹರಿದು ಪಾತ್ರೆ ಒರೆಸಲು ಇಟ್ಟುಕೊಂಡೆನು.

ಆರೋಪಿ ಲಂಬೊಕ್ ಸಿಂಗ್ಕ್ಲಿಯನ್ನು ನಾನು ಬಹಳ ವರ್ಷಗಳಿಂದ ಬಲ್ಲೆನು. ಕದ್ದು ಆಡುವ ಕಾಲದಲ್ಲಿ ನನ್ನಂಥ ಹಲವು ಅಂಗಡಿಗಳಿಂದ ಬಾಜಿ ಸಂಗ್ರಹಿಸುತ್ತಿದ್ದವನು ಅವನೇ. ಕಾನೂನು ಬಂದ ಮೇಲೆ ಅವನನ್ನು ಕೇಳುವವರಿಲ್ಲವಾಯಿತು.

ದಿನಾಂಕ 18-10-1983ರ ಮಂಗಳವಾರ ಬೆಳಿಗ್ಗೆ ಅವನು ಅಂಗಡಿಗೆ ಬಂದು ಎರಡು ತಟ್ಟೆ ಜಾದೊ ತಿಂದು, ಬಾಜಿಯ ಚೀಟಿಗಳಲ್ಲಿ ಅರ್ಧವನ್ನು ಮಾತ್ರ ಸರ್ಕಾರಕ್ಕೆ ತೋರಿಸಿ ಉಳಿದರ್ಧ ಬಾಜಿಯನ್ನು ತನಗೆ ಕೊಡಬೇಕೆಂದು ಹೇಳಿದನು. ನಾನು ಒಪ್ಪಲಿಲ್ಲ. ನಮ್ಮ ಅಜ್ಜಂದಿರ ಬಿಲ್ಲಿಗೆ ಸರ್ಕಾರದ ಮೊಹರು ಯಾತಕ್ಕೆ ಎಂದು ಕೇಳಿದನು. ನಮ್ಮ ಅಜ್ಜಂದಿರು ಪರದೆ ಹಿಂದೆ ನಿಂತು ಬಾಣ ಬಿಡುತ್ತಿರಲಿಲ್ಲ ಎಂದು ನಾನು ಹೇಳಿದೆನು. ಅಂಗಡಿಯಲ್ಲಿದ್ದವರು ನಕ್ಕರು. ಅವನು ನಗಲಿಲ್ಲ. "ಆಯ್ತು ಕಾಂಗ್. ಈ ನಿನ್ನ ಹಗಲಾಟವನ್ನ ಜನ ಎಷ್ಟು ದಿನ ನಂಬ್ತಾರೋ ನೋಡೇ ಬಿಡ್ತೀನಿ" ಎಂದು ಹೋದನು. ನನ್ನನ್ನು ಎಲ್ಲರೂ ಕಾಂಗ್, ಅಂದರೆ ಅಕ್ಕ, ಎಂದೇ ಕರೆಯುವುದು.

ಈ ದಿನ ಗುರುವಾರ ಮಧ್ಯಾಹ್ನ 3-45ಕ್ಕೆ ಬಯಲಿನಲ್ಲಿ ಮೊದಲ ಸುತ್ತು ಆರಂಭವಾಯಿತು. ಸುಮಾರು ಐವತ್ತು ಬಿಲ್ಲುಗಾರರಿದ್ದರು. ಅವರಲ್ಲಿ ನನ್ನ ಅಣ್ಣ ಶೆಂಫಾಂಗ್ ಖರ್‌ಶಿಯಿಂಗ್, 61 ವರ್ಷ, ಕೂಡ ಒಬ್ಬನು. ನಾನು ಜನರನ್ನು ತಡೆಯಲು ಕಟ್ಟಿದ ಹಗ್ಗದ ಈಚೆ, ಅವನಿಂದ ಹತ್ತು ಮಾರು ದೂರದಲ್ಲಿ ನಿಂತಿದ್ದೆನು. ಬಾಣ ಬಿಡುವುದು ಮುಗಿದು ಎಣಿಕೆಗೆ ಮುಂಚೆ ಲಂಬೊಕ್ ಗುಂಪಿನ ನಡುವಿನಿಂದ, ಅಣ್ಣನ ಕಡೆ ಕೈ ತೋರಿಸಿ, ಈ ಮುದುಕ ತಂಗಿಯ ಕೌಂಟರ್ ಉಳಿಸಲು, ಜನ ಹಣ ಕಟ್ಟಿದ ಅಂಕಿ ಬಾರದಂತೆ ಬೇಕೆಂದೇ ಗುರಿ ತಪ್ಪಿಸುತ್ತಿದ್ದಾನೆ ಎಂದು ಕೂಗಿದನು. ಜನ ಹಗ್ಗ ದಾಟಿದರು. ಟ್ಯಾಕ್ಸಿ ಚಾಲಕ ಪಿನ್‌ಬೋರ್ ಎಂಬಾತ ಅಣ್ಣನ ಕೊರಳಪಟ್ಟಿ ಹಿಡಿದು, ಸತ್ತ ಅತ್ತೆ ಕನಸಿನಲ್ಲಿ ಬಂದು ಮೀನು ಕೊಟ್ಟಿದ್ದಳೆಂದೂ, ಆ ಮೀನಿನ ಅಂಕಿಗೆ ವಾರದ ದುಡಿಮೆ ಹಾಕಿದ್ದೇನೆಂದೂ ಅಬ್ಬರಿಸಿದನು. ಕನಸಿನಲ್ಲಿ ಕಂಡ ಒಂದೊಂದಕ್ಕೂ ಒಂದು ಅಂಕಿ ಎಂಬುದು ಬಾಜಿ ಕಟ್ಟುವವರ ಲೆಕ್ಕ. ಅಣ್ಣ ಬಿಲ್ಲನ್ನು ಎದೆಗೆ ಅವುಚಿಕೊಂಡು ನಿಂತಿದ್ದನು.

ನಾನು ಬಿಲ್ಲುಗಾರರ ಬೆಂಚಿನ ಮೇಲೆ ಹತ್ತಿ ನಿಂತೆನು. "ಅವನೊಬ್ಬ ತಪ್ಪಿಸಿದರೆ ಉಳಿದವರ ಬಾಣ ಎಷ್ಟು ನಾಟಿವೆ ಅಂತ ಅವನಿಗೆ ಹೇಗ್ರೋ ಗೊತ್ತಾಗುತ್ತೆ? ಯಾವ ಅಂಕಿ ಬರಲಿ ಅಂತ ತಪ್ಪಿಸ್ತಾನೆ?" ಎಂದು ಕೇಳಿದೆನು. ಗದ್ದಲ ಸ್ವಲ್ಪ ಇಳಿಯಿತು. ಆಗ ಪಿನ್‌ಬೋರ್‌ಗೆ, "ನಿನ್ನಷ್ಟು ಜೋರಾಗಿ ಕೂಗಿದವರು ಇಲ್ಲಿ ಯಾರೂ ಇಲ್ಲ. ನೀನೇ ಹೋಗಿ ನೋಡ್ಕೊಂಡು ಬಾ. ಬುಡಕ್ಕೆ ಕೆಂಪು ಬಳಿದಿರೋವು ನಮ್ಮಣ್ಣನವು" ಎಂದೆನು. ಅವನು ಎಣಿಸುವವರ ಪಕ್ಕ ಕುಳಿತು ನೋಡಿದನು. ಅಣ್ಣ ಬಿಟ್ಟ ಮೂವತ್ತು ಬಾಣಗಳಲ್ಲಿ ಇಪ್ಪತ್ತಾರು ಗುರಿಯಲ್ಲಿದ್ದವು. ಒಟ್ಟು ಎಣಿಕೆ ಮುಗಿದಾಗ ಮೀನಿನ ಅಂಕಿ ಬಂದಿರಲಿಲ್ಲ. ಪಿನ್‌ಬೋರ್ ಎದ್ದು, ತನ್ನ ಅತ್ತೆ ಬದುಕಿದ್ದಾಗಲೂ ಹೀಗೇ ಸುಳ್ಳು ಹೇಳುತ್ತಿದ್ದಳು ಎಂದು ಎಲ್ಲರಿಗೂ ಕೇಳುವಂತೆ ಹೇಳಿದನು. ಜನ ನಕ್ಕು ಹಗ್ಗದಿಂದಾಚೆ ಸರಿಯತೊಡಗಿದರು.

ಆ ನಗುವನ್ನು ಲಂಬೊಕ್ ತಾಳಲಿಲ್ಲವೆಂದು ನನ್ನ ಭಾವನೆ. ಅವನು ಸೊಂಟದ ಕತ್ತಿ ತೆಗೆದು ಅಣ್ಣನ ಬಿಲ್ಲಿಗೆ ಬೀಸಿದನು. ಬಿಲ್ಲಿನ ಹೆದೆ ತುಂಡಾಯಿತು. ಎರಡನೆಯ ಏಟು ಬಿಲ್ಲು ಹಿಡಿದಿದ್ದ ಅಣ್ಣನ ಎಡ ಅಂಗೈಗೆ ಬಿತ್ತು. ರಕ್ತ ಕಂಡು ಲಂಬೊಕ್ ತಾನೇ ಬೆಚ್ಚಿ ಕತ್ತಿ ಕೆಳಗೆ ಹಾಕಿದನು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಅದನ್ನೂ ಬರೆದುಕೊಳ್ಳಬೇಕು.

ಅಣ್ಣನನ್ನು ಹೊಡೆಯಲು ಬಂದಿದ್ದ ಜನವೇ ಈಗ ಲಂಬೊಕ್‌ನನ್ನು ಕೆಡವಿ ತುಳಿಯಲಾರಂಭಿಸಿದರು. ನಾನು ಅಡ್ಡ ಬಿದ್ದು, ಅವನನ್ನು ಠಾಣೆಗೆ ಒಪ್ಪಿಸೋಣ ಎಂದೆನು. "ಬಿಡಿ ಕಾಂಗ್, ಪೊಲೀಸರ ಹತ್ರ ಹೋಗಿ ನಮಗೆಂದಾದರೂ ಒಳ್ಳೇದಾಗಿದೆಯಾ?" ಎಂದು ಯಾರೋ ಕೇಳಿದರು. "ಆವತ್ತು ಓಡಿಹೋಗಬೇಕಿತ್ತು, ಓಡಿದೆವು. ಇವತ್ತು ತೆರಿಗೆ ಕಟ್ಟಿದ್ದೀನಿ ಕಣ್ರೋ. ಠಾಣೆ ಬಾಗಿಲು ನನಗೂ ತೆರೆದಿದೆ, ನಡ್ಕೊಂಡೇ ಒಳಗೆ ಹೋಗ್ತೀನಿ" ಎಂದೆನು. ಬಿಲ್ಲುಗಾರರು ಅಣ್ಣನನ್ನು ಆಸ್ಪತ್ರೆಗೆ ಕರೆದೊಯ್ದರು. ಪಿನ್‌ಬೋರ್ ತನ್ನ ಟ್ಯಾಕ್ಸಿ ತಂದನು. ಆರೋಪಿಯನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡು ಬಂದು ಒಪ್ಪಿಸಿದ್ದೇನೆ. ಕತ್ತಿಯನ್ನೂ ಹಾಜರುಪಡಿಸಿದ್ದೇನೆ.

ದಾರಿಯಲ್ಲಿ ಅವನು ಮೂಗಿನ ರಕ್ತ ಒರೆಸಿಕೊಳ್ಳುತ್ತಾ, "ನಿಜವಾಗ್ಲೂ ಪೊಲೀಸರಿಗೆ ಕೊಡ್ತೀಯಾ ಕಾಂಗ್ ನನ್ನನ್ನ?" ಎಂದು ಕೇಳಿದನು. ಕೊಡುತ್ತೇನೆ ಎಂದೆನು. ಅವನು ಹಾಗೆ ಕೇಳಲು ಕಾರಣವಿದೆ. ಎರಡನೆಯ ಸಲ ನನ್ನನ್ನು ಹಿಡಿದಾಗ ನನ್ನ ಕಿರಿಮಗಳು ಮೊಲೆ ಕುಡಿಯುವ ಕೂಸು. ಲಂಬೊಕ್ ತಾನಾಗಿ ಬಂದು, ಸಿಕ್ಕಿದ ಚೀಟಿಗಳೆಲ್ಲ ತನ್ನವೆಂದು ಹೇಳಿ ನನ್ನ ಬದಲು ಮೂರು ತಿಂಗಳು ಜೈಲಿನಲ್ಲಿದ್ದನು. ಈ ಕೇಸಿಗೆ ಅದು ಬೇಡವೆಂದು ರೈಟರ್ ಹೇಳಿದರು. ಬೇಕೆಂದು ನಾನು ಬರೆಸಿದ್ದೇನೆ. ಹಾಗೆಂದು ದೂರನ್ನು ಹಿಂದೆಗೆದುಕೊಳ್ಳುವುದಿಲ್ಲ. ಅಣ್ಣನ ಕೈಗಾದ ಗಾಯಕ್ಕೆ ಕಾನೂನು ಹೇಳಿದ ಶಿಕ್ಷೆ ಅವನಿಗೆ ಆಗಬೇಕು. ಇಲ್ಲಿರುವಷ್ಟು ದಿನ ಅವನ ಊಟ ನನ್ನ ಅಂಗಡಿಯಿಂದ ಬರುವುದಕ್ಕೆ ಅನುಮತಿ ಕೋರುತ್ತೇನೆ.

ಹೇಳಿಕೆಯನ್ನು ಖಾಸಿ ಭಾಷೆಯಲ್ಲಿ ನನಗೆ ಗಟ್ಟಿಯಾಗಿ ಓದಿ ಹೇಳಿದರು. ನಾನು ಕಂಡದ್ದು, ಕೇಳಿದ್ದು, ಆಡಿದ್ದು ಇಷ್ಟೇ, ಇದರಲ್ಲಿ ಸುಳ್ಳಿಲ್ಲ. ಒಂದು ತಿದ್ದುಪಡಿ: ಓದುತ್ತಿರುವಾಗ ಲಾಕಪ್ಪಿನ ಒಳಗಿಂದ ಆರೋಪಿ, "ಮೂರಲ್ಲ ಕಾಂಗ್, ನಾಲ್ಕು ತಿಂಗಳು" ಎಂದು ಕೂಗಿ ಹೇಳಿದನು. ಅವನು ಹೇಳಿದ್ದು ಸರಿ. ನಾಲ್ಕು ಎಂದು ಓದಿಕೊಳ್ಳಬೇಕು.

ಸ್ಥಳ: ಶಿಲ್ಲಾಂಗ್
ದಿನಾಂಕ: 20-10-1983
(ಸಹಿ) ಥೈಲಿನ್ ಖರ್‌ಶಿಯಿಂಗ್