ಎಲ್ಲ ಯಂತ್ರಕ್ಕೂ ಒಂದೇ ಫಲಕ

ಭಾವ, ನನಗೆ ಮೊದಲು ಬಂದು ಹೇಳಿದ್ದು ಫಿಟ್ಟರ್ ಅಣ್ಣ. "ನಿನ್ನ ತಮ್ಮನ ನಾಲ್ಕು ಬೆರಳು ಎರಡನೇ ಪ್ರೆಸ್ಸಿನಲ್ಲಿ ಅಪ್ಪಚ್ಚಿ. ಕೈ-ತಡೆ ತೆಗೆದವನು ನಿಮ್ಮಕ್ಕನ ಗಂಡ" ಅಂತ. ಆಮೇಲೆ ನನ್ನ ಕೈ ನನ್ನ ಮಾತು ಕೇಳಲಿಲ್ಲ... ಮೂಗಿಗೆ ಬಟ್ಟೆ ಒತ್ತಿಕೊಳ್ಳಿ. ಹಲ್ಲೂ ಹೋಯಿತೇನು? ಮೇಜಿನ ಅಂಚು ತಾಗಿರಬೇಕು. ಸರಿ, ತಲೆ ಹಿಡಿದು ತಾಗಿಸಿದವನು ನಾನೇ.

ಬಾಗಿಲ ಕಡೆ ನೋಡಬೇಡಿ, ಅಡ್ಡ ನಾನಿದ್ದೀನಿ. ತನಿಖೆಯವರು ಬರುವಷ್ಟರಲ್ಲಿ ತಪ್ಪು ನಿಮ್ಮದೇ ಅಂತ ಒಂದು ಸಾಲು ಬರೆದುಕೊಡಿ. ಇಲ್ಲವೋ, ಉಳಿದ ಹಲ್ಲಿಗೂ ಅದೇ ಗತಿ.

ಯಾಕೆ ನಗುತ್ತೀರಿ?

ಪ್ರೆಸ್ಸು ನಡೆಸಲು ನಾನು ಕಂಪ್ಯೂಟರಿನಲ್ಲಿ ಬರೆದ ಫಲಕದ ಮೇಲೆ ಹೊರಿಸುತ್ತೀರಾ? ತಗಡು ಒತ್ತುವ ಈ ಇಪ್ಪತ್ತು ಪ್ರೆಸ್ಸೂ ಒಂದೇ ತಾಯಿಯ ಮಕ್ಕಳು. ಒತ್ತಡ, ವೇಗ, ಕೈ ಒಳಗಿದ್ದರೆ ಯಂತ್ರ ನಿಲ್ಲಿಸುವ ಕೈ-ತಡೆ, ಮೂರೂ ಎಲ್ಲಕ್ಕೂ ಇದ್ದೇ ಇವೆ. ಇಪ್ಪತ್ತು ಫಲಕ ಯಾವ ಮಂಕ ಬರೆಯುತ್ತಾನೆ? ಎಲ್ಲಕ್ಕೂ ಒಂದೇ ಬರೆದೆ. ಪರದೆಯಲ್ಲಿ ಯಾವ ಪ್ರೆಸ್ಸಿನ ಹೆಸರು ಮುಟ್ಟಿದರೆ ಅದರ ಗುಣ ತೋರಿಸುತ್ತೆ, ಅಲ್ಲೇ ತಿದ್ದಿ ಉಳಿಸಬಹುದು. ಯಜಮಾನರು ಎಲ್ಲರೆದುರಿಗೆ ಬೆನ್ನು ತಟ್ಟಿದರು.

ಪರದೆ ಯಾಕೆ ಮುಟ್ಟುತ್ತೀರಿ?... ಮುಟ್ಟಿ, ಪ್ರೆಸ್ಸುಗಳಿಗೆ ಕರೆಂಟು ತೆಗೆದಿದೆ. ಆಗ ಮಾಡಿದ್ದನ್ನೇ ಮತ್ತೆ ಮಾಡಿ ತೋರಿಸುತ್ತಿದ್ದೀರಿ. ಮೊದಲನೇ ಪ್ರೆಸ್ಸು, ಶುಚಿ ಮಾಡಲು ತಡೆ ತೆಗೆದಿರಿ. ಅದು ತಪ್ಪಲ್ಲ. ಈಗ ಎರಡನೆಯದು... ಒತ್ತಡ ಒಂದನ್ನೇ ತಿದ್ದಿ ಉಳಿಸಿದಿರಿ.

ಇದಕ್ಕೂ ತಡೆ ಇಲ್ಲ ಅಂತಲೇ ತೋರಿಸುತ್ತಿದೆ.

ಇನ್ನೊಂದು ಸಲ ಮುಟ್ಟಬೇಡಿ. ಕಂಡಿತು. ಮೊದಲಿನದರ ಎಂಜಲು ಎರಡನೆಯದಕ್ಕೆ... ತೊಳೆಯದ ಸೌಟು ಪಾತ್ರೆಯಿಂದ ಪಾತ್ರೆಗೆ ಹೋದ ಹಾಗೆ. ನನಗೇನು ಗೊತ್ತಿತ್ತು, ಭಾವ? ದೇವರಾಣೆ ಇಡಲಾ?

ಹಾಗೆ ನೋಡಬೇಡಿ. ಬೈಯಿರಿ. ಕೆನ್ನೆಗೊಂದು ಬಿಡಿ.

ಆಣೆ ಇಡಲಾರೆ.

ಈ ತಪ್ಪನ್ನು ಹೋದ ತಿಂಗಳೇ ಕಂಡಿದ್ದೆ. ಬೆನ್ನು ತಟ್ಟಿಸಿಕೊಂಡು ಎರಡು ದಿನವೂ ಆಗಿರಲಿಲ್ಲ, ಫಲಕ ಬಿಚ್ಚಿ ತಿದ್ದುತ್ತೀನಿ ಅಂತ ಯಾವ ಮುಖದಲ್ಲಿ ಹೇಳಲಿ? ದಿನಾ ಬೆಳಿಗ್ಗೆ ಸ್ನಾನ ಮಾಡಿ, ಯಾರಿಗೂ ಏನೂ ಆಗದಿರಲಪ್ಪಾ ಅಂತ ಕೈಮುಗಿದು ಬರುತ್ತಿದ್ದೆ. ಕೈಮುಗಿದೆನೇ ಹೊರತು ಫಲಕಕ್ಕೆ ಕೈ ಹಾಕಲಿಲ್ಲ. ನಿಮ್ಮನ್ನು ಹೊಡೆದದ್ದೂ ತಮ್ಮನ ಸಂಕಟಕ್ಕಲ್ಲ, ಭಾವ. ನೀವು ಬಾಯಿ ಬಿಡುವ ಮೊದಲು ಮುಚ್ಚಿಸೋಣ ಅಂತ.

ಇದನ್ನು ಅಕ್ಕನಿಗೆ ನೀವೇ ಹೇಳಿ. ಅವಳು ಆಸ್ಪತ್ರೆಯಲ್ಲಿ ತಮ್ಮನಿಗೆ ಹೇಳಲಿ. ಪ್ರೆಸ್ಸಿಗೆ ಕೈ ಒಡ್ಡುವ ಪ್ರತಿಯೊಬ್ಬರಿಗೂ ಮುಟ್ಟಲಿ. ನಾನು ಹೇಳಹೋದರೆ ಮತ್ತೆ ನನ್ನನ್ನು ಉಳಿಸಿಕೊಂಡೇ ಹೇಳಿಯೇನು.